ತಾರಸಿಗೆ ತಂದ ಸಾಲದ ದುಡ್ಡು, ಎರಡು ತಿಂಗಳ ಮಟ್ಟಿಗೆ ಕ್ರಿಪ್ಟೋಗೆ ಹಾಕಬಹುದಾ?

ನಾಲೆ ಪಕ್ಕದ ಮನೆ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ತಾರಸಿ ಬಾಕಿ. ಅದಕ್ಕೆ ಅಂತ 3 ಲಕ್ಷ ಹೊಂದಿಸಿದೆವು. ನನ್ನ ಒಡವೆ ಅಡ ಇಟ್ಟು 2 ಲಕ್ಷ, ಅತ್ತೆ ಹೆಸರಿನಲ್ಲಿ ಸಂಘದಿಂದ 1 ಲಕ್ಷ. ಎರಡೂ ಸೇರಿ ತಿಂಗಳಿಗೆ ಬಡ್ಡಿಯೇ ಮೂರೂವರೆ ಸಾವಿರ. ದುಡ್ಡು ಬಂದ ಮೇಲೆ ಮೇಸ್ತ್ರಿ ಕೈಕೊಟ್ಟ. ಮೈಸೂರಲ್ಲಿ ದೊಡ್ಡ ಕೆಲಸ ಹಿಡಿದಿದ್ದಾನಂತೆ, ಯುಗಾದಿ ಕಳೆಯಲಿ ಅನ್ನುತ್ತಾನೆ. ಯುಗಾದಿಗೆ ಇನ್ನೂ ಎರಡು ತಿಂಗಳಿದೆ.

ನನ್ನ ಮೈದುನ ಮೈಸೂರಿನ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಒಳ್ಳೇ ಹುಡುಗ, ಕುಡಿತ ಗಿಡಿತ ಏನೂ ಇಲ್ಲ. ಸಂಬಳದಲ್ಲಿ 20 ಸಾವಿರ ಕ್ರಿಪ್ಟೋಗೆ, ಅಂದರೆ ಬಿಟ್‌ಕಾಯಿನ್ ಥರದ ಆನ್‌ಲೈನ್ ನಾಣ್ಯಕ್ಕೆ ಹಾಕಿ ಕೆಲವೇ ದಿನದಲ್ಲಿ 34 ಸಾವಿರ ಮಾಡಿದ್ದೇನೆ ಅಂತ ಫೋನ್ ತೋರಿಸುತ್ತಾನೆ. ಈಗ ಅವನ ಕಣ್ಣು ಈ 3 ಲಕ್ಷದ ಮೇಲೆ. "ಅತ್ತಿಗೆ, ಬಡ್ಡಿ ಹೆಂಗಿದ್ರೂ ಓಡ್ತಾ ಇದೆ, ದುಡ್ಡು ಮಾತ್ರ ಮಲಗಿದೆ. ಎರಡು ತಿಂಗಳು ನನ್ನ ಕೈಗೆ ಕೊಡಿ. ಬಡ್ಡೀನೂ ಹುಟ್ಟುತ್ತೆ, ಟೈಲ್ಸ್ ದುಡ್ಡೂ ಹುಟ್ಟುತ್ತೆ" ಅನ್ನುತ್ತಾನೆ. ಅತ್ತೆಗೆ ಅರ್ಧ ಮನಸ್ಸಾಗಿದೆ. ನಮ್ಮನೆಯವರು "ನೀವೇ ಏನಾದ್ರೂ ಮಾಡ್ಕೊಳಿ" ಅಂತ ಗದ್ದೆ ಕಡೆ ಹೊರಟುಬಿಡುತ್ತಾರೆ. ನಾನು ಬೇಡ ಅಂದರೆ ಒಡವೆ ಮೇಲಿನ ಆಸೆ ಅಂತ ಮಾತು ಬರುತ್ತದೆ.

ನಿಜ ಹೇಳಬೇಕು ಅಂದರೆ ಬಡ್ಡಿ ಓಡುತ್ತಿದೆ ಅನ್ನುವ ಅವನ ಮಾತು ನನಗೂ ಸರಿ ಅನ್ನಿಸುತ್ತದೆ. ಅದಕ್ಕೇ ಕೇಳುತ್ತಿದ್ದೇನೆ. ಗೊತ್ತಿರುವವರು ಬಿಡಿಸಿ ಹೇಳಿ.

ನಿರ್ವಾಹಕ

ಯಾವಾಗ ಕೊಳ್ಳಬೇಕು ಮಾರಬೇಕು ಅಂತ ಹೇಳುವ ಸಿಗ್ನಲ್ ಗುಂಪಿನ ಲಿಂಕ್ ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೇನೆ. ಇನ್ನೊಂದು ವಿನಂತಿ: ಸಾಲದ ಮೇಲಿನ ಸರ್ವಜ್ಞನ ವಚನ ಹಾಕಬೇಡಿ. ಎಲ್ಲರಿಗೂ ಬಾಯಿಪಾಠ ಇದೆ, ಆದರೂ ಸಾಲ ಮಾಡುತ್ತೇವೆ.

ರಾತ್ರಿ ಪಾಳಿ, ಮೈಸೂರು

ಅಕ್ಕ, ನಾನೂ ಹೆಬ್ಬಾಳದ ಕಡೆಯೇ ಕೆಲಸ ಮಾಡುವವನು. ಕ್ರಿಪ್ಟೋ ಅಂದ ಕೂಡಲೇ ಮೋಸ ಅನ್ನುವವರು ಇಲ್ಲಿ ಜಾಸ್ತಿ, ಅದಕ್ಕೆ ಮೊದಲೇ ಹೇಳುತ್ತೇನೆ. ಆರ್‌ಬಿಐ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಸರ್ಕಾರವೇ ತೆರಿಗೆ ವಸೂಲಿ ಮಾಡುತ್ತಿದೆ. 2023ರಿಂದ ಕ್ರಿಪ್ಟೋ ಕೊಳ್ಳುವ ಮಾರುವ ಎಕ್ಸ್‌ಚೇಂಜ್‌ಗಳು, ಅಕ್ರಮ ಹಣದ ಮೇಲೆ ಕಣ್ಣಿಡುವ ಕೇಂದ್ರದ ಎಫ್‌ಐಯು ಹತ್ತಿರ ನೋಂದಣಿ ಮಾಡಿಸಬೇಕು. ಕಳ್ಳ ವ್ಯವಹಾರ ಅಲ್ಲ.

2022ರ ಕೊನೆಗೆ ಬಿಟ್‌ಕಾಯಿನ್ 16 ಸಾವಿರ ಡಾಲರ್ ಹತ್ತಿರ ಇತ್ತು. 2024ರ ಡಿಸೆಂಬರ್‌ಗೆ ಲಕ್ಷ ಡಾಲರ್ ದಾಟಿತು. ಯಾವ ಎಫ್‌ಡಿ ಕೊಡುತ್ತದೆ ಹೇಳಿ? ಬಿದ್ದರೂ ಹೆದರದೆ ಹೋಲ್ಡ್ ಮಾಡಿದರೆ ವಾಪಸ್ ಬರುತ್ತದೆ. ಪೂರ್ತಿ ಬೇಡ, ಅರ್ಧ ಕೊಟ್ಟು ನೋಡಿ.

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ

ತಮ್ಮಾ, ನೀನು ಹೇಳಿದ್ದರಲ್ಲಿ ಸುಳ್ಳು ಏನೂ ಇಲ್ಲ. ಆದರೆ 16 ಸಾವಿರದಲ್ಲಿ ಕೊಂಡವನ ಲೆಕ್ಕ ಹೇಳಿದೆ. 69 ಸಾವಿರದಲ್ಲಿ ಕೊಂಡವನ ಲೆಕ್ಕ ನಾನು ಹೇಳುತ್ತೇನೆ. ಜನ ಸಾಲ ತಂದು ಹಾಕುವುದು ಬೆಲೆ ಏರಿ ಊರೆಲ್ಲ ಮಾತಾಡುವಾಗಲೇ, ಅಲ್ವಾ?

2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ 69 ಸಾವಿರ ಡಾಲರ್ ಮುಟ್ಟಿತು. ಆಗ ಒಬ್ಬ ಇದೇ ಥರ 3 ಲಕ್ಷ ಸಾಲ ತಂದು ಹಾಕಿದ ಅಂತಿಟ್ಟುಕೊಳ್ಳಿ. ಒಂದು ವರ್ಷಕ್ಕೆ ಅದು 70-80 ಸಾವಿರ ರೂಪಾಯಿಗೆ ಇಳಿಯಿತು. ಅವನು ಗಟ್ಟಿಗ, ಮಾರಲಿಲ್ಲ. ಡಾಲರ್ ಲೆಕ್ಕದಲ್ಲಿ ಹಳೇ ಬೆಲೆ ವಾಪಸ್ ಬಂದದ್ದು 2024ರ ಮಾರ್ಚ್‌ನಲ್ಲಿ. 28 ತಿಂಗಳು. ತಿಂಗಳಿಗೆ ಮೂರೂವರೆ ಸಾವಿರದಂತೆ ಬಡ್ಡಿ 98 ಸಾವಿರ. ಅಸಲು ವಾಪಸ್ ಬಂತು ಅಂತ ಖುಷಿಪಡುವ ಹೊತ್ತಿಗೆ ಅಸಲಿನ ಮೂರನೇ ಒಂದು ಭಾಗದಷ್ಟು ಬಡ್ಡಿ ಕಟ್ಟಿ ಆಗಿರುತ್ತದೆ.

ಸ್ವಂತ ದುಡ್ಡಿದ್ದವನು ಹೋಲ್ಡ್ ಮಾಡಬಹುದು. ಸಾಲದ ದುಡ್ಡಿನವನಿಗೆ ಹೋಲ್ಡ್ ಮಾಡುವ ಸ್ವಾತಂತ್ರ್ಯ ಎಲ್ಲಿದೆ? ಕಂತಿನ ದಿನ ಬಂದಾಗ ಮಾರಲೇಬೇಕು. ಅವತ್ತು ಬೆಲೆ ಎಷ್ಟಿದ್ದರೆ ಅಷ್ಟಕ್ಕೆ.

ರಾತ್ರಿ ಪಾಳಿ, ಮೈಸೂರು

ಮೇಷ್ಟ್ರೇ, ಡಾಲರ್ ಲೆಕ್ಕ ಹಾಕಿದ್ದೀರಿ. ಆ ಸಮಯದಲ್ಲಿ ರೂಪಾಯಿ 74ರಿಂದ 83ಕ್ಕೆ ಬಿತ್ತು. ರೂಪಾಯಿಯಲ್ಲಿ ನೋಡಿದರೆ ಅವನಿಗೆ ಲಾಭವೇ ಆಗಿರುತ್ತದೆ.

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ

ಒಳ್ಳೇ ಪಾಯಿಂಟ್. ಹಾಕೋಣ ಅದನ್ನೂ. ನೂರಕ್ಕೆ ಸುಮಾರು 12 ಲಾಭ, ಅಂದರೆ 36 ಸಾವಿರ. ಇದಕ್ಕೆ ತೆರಿಗೆ 30 ಪರ್ಸೆಂಟ್, ಸೆಸ್ ಸೇರಿ 31.2. ಹನ್ನೊಂದು ಸಾವಿರ ಚಿಲ್ಲರೆ ಹೋಯಿತು. ಕೈಗೆ ಉಳಿದದ್ದು 25 ಸಾವಿರಕ್ಕೂ ಸ್ವಲ್ಪ ಕಡಿಮೆ. ಬಡ್ಡಿ ಕಟ್ಟಿದ್ದು 98 ಸಾವಿರ. ಇನ್ನೂ 73 ಸಾವಿರ ಮನೆಯಿಂದ ಹೋಗಿದೆ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಅಂಗಡಿಯವನು ಸಾಲ ತಂದು ವ್ಯಾಪಾರ ಮಾಡಿದರೆ ಬಡ್ಡಿಯನ್ನು ಖರ್ಚು ಅಂತ ತೋರಿಸಬಹುದು. ಕ್ರಿಪ್ಟೋದಲ್ಲಿ ಆಗುವುದಿಲ್ಲ. 2022ರ ಏಪ್ರಿಲ್‌ನಿಂದ ಇರುವ ನಿಯಮದಲ್ಲಿ ಕೊಂಡ ಬೆಲೆ ಒಂದನ್ನು ಮಾತ್ರ ಕಳೆಯಬಹುದು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ಕೈಸಾಲ ತಂದವನು ವರ್ಷಕ್ಕೆ ನೂರಕ್ಕೆ 35ರಷ್ಟು ಗಳಿಸಿದರೆ ಆಗ ಅವನು ಎಲ್ಲಿದ್ದನೋ ಅಲ್ಲೇ ಇರುತ್ತಾನೆ. ಅಸಲು ಅಲ್ಲಾಡುವುದಿಲ್ಲ, ಟೈಲ್ಸ್ ಬರುವುದಿಲ್ಲ.

ನಷ್ಟದ ಕಥೆ ಇನ್ನೂ ಚೆಂದ. ಒಂದು ಕಾಯಿನ್‌ನಲ್ಲಿ 1 ಲಕ್ಷ ಲಾಭ, ಇನ್ನೊಂದರಲ್ಲಿ 1 ಲಕ್ಷ 20 ಸಾವಿರ ನಷ್ಟ ಅಂದುಕೊಳ್ಳಿ. ಒಟ್ಟಿನಲ್ಲಿ 20 ಸಾವಿರ ಕಳೆದುಕೊಂಡಿದ್ದೀರಿ. ಆದರೂ ಲಾಭದ 1 ಲಕ್ಷಕ್ಕೆ 31,200 ತೆರಿಗೆ ಕಟ್ಟಬೇಕು. ನಷ್ಟವನ್ನು ಲಾಭಕ್ಕೆ ವಜಾ ಮಾಡುವ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವ ಹಾಗಿಲ್ಲ. ಮಾರಿದಾಗ 1 ಪರ್ಸೆಂಟ್ ಟಿಡಿಎಸ್ ಹಿಡಿಯುವುದು ಬೇರೆ.

ಆದರೆ ತಾಯಿ, ನಿಮ್ಮ ಮೈದುನ ಕೇಳುತ್ತಿರುವುದು ಎರಡೇ ತಿಂಗಳು. ಎರಡು ತಿಂಗಳ ಬಡ್ಡಿ 7 ಸಾವಿರ. ತೆರಿಗೆ ಕಳೆದು ಅದು ಹುಟ್ಟಲು ನೂರಕ್ಕೆ ಮೂರೂವರೆ ಏರಿದರೆ ಸಾಕು. ಒಂದೇ ದಿನದಲ್ಲಿ ಏರಬಹುದು. ಹಾಗಾಗಿ ಬಡ್ಡಿ ಲೆಕ್ಕದಲ್ಲಿ ಅವನು ಹೇಳುವುದು ಹುಚ್ಚು ಮಾತೇನೂ ಅಲ್ಲ. ಕಷ್ಟ ಇರುವುದು ಎರಡು ತಿಂಗಳು ಅನ್ನುವುದರಲ್ಲಿ. ಯುಗಾದಿಗೆ ಮೇಸ್ತ್ರಿ ಬಂದು ನಿಂತಾಗ 3 ಲಕ್ಷ 2 ಲಕ್ಷ ಆಗಿದ್ದರೆ ಏನು ಮಾಡುತ್ತಾನೆ? ಅದನ್ನು ಕೇಳಿ. "ಇನ್ನೊಂದು ತಿಂಗಳು ತಡೀರಿ" ಅಂದರೆ ಅದು ಎರಡು ತಿಂಗಳ ಮಾತೇ ಅಲ್ಲ.

ಸಂಘದ ಅಕ್ಕ, ಮದ್ದೂರು

ಬಿಟ್‌ಕಾಯಿನ್ ಲೆಕ್ಕ ನನಗೆ ತಿಳಿಯುವುದಿಲ್ಲ. ಸಂಘದ ಪುಸ್ತಕ ಬರೆಯುವವಳು ನಾನು, ಅದರ ಬಗ್ಗೆ ಹೇಳುತ್ತೇನೆ.

ಆ 1 ಲಕ್ಷ ನಿಮ್ಮ ಅತ್ತೆ ಒಬ್ಬರ ಸಾಲ ಅಲ್ಲ ಕಣಮ್ಮ. ಅರ್ಜಿಯಲ್ಲಿ ಮನೆ ಕೆಲಸ ಅಂತ ಬರೆದಿರುತ್ತಾರೆ. ಉಳಿದ ಸದಸ್ಯರು ಸಭೆಯಲ್ಲಿ ಕೂತು ಒಪ್ಪಿ ಸಹಿ ಹಾಕಿರುತ್ತಾರೆ. ನಿಮ್ಮ ಅತ್ತೆ ಕಂತು ತಪ್ಪಿಸಿದರೆ ಮೊದಲು ಪಕ್ಕದ ಮನೆಯವರು ತಮ್ಮ ಕೈಯಿಂದ ಹಾಕುತ್ತಾರೆ. ಇಲ್ಲದಿದ್ದರೆ ಇಡೀ ಗುಂಪಿಗೆ ಮುಂದಿನ ಸಾಲ ನಿಂತುಹೋಗುತ್ತದೆ. ಯಾರೋ ಒಬ್ಬಳು ಹಸು ಕೊಳ್ಳಬೇಕು ಅಂತ ಕಾಯುತ್ತಿರುತ್ತಾಳೆ, ಇನ್ನೊಬ್ಬಳು ಮಗಳ ಕಾಲೇಜು ಫೀಸಿಗೆ. ಅವರಿಗೆ ನಿಮ್ಮ ಮೈದುನನ ಮುಖವೇ ಗೊತ್ತಿರುವುದಿಲ್ಲ.

ಕಂತು ಕಟ್ಟದವರು ಸಭೆಗೆ ಹೇಗೆ ಬರುತ್ತಾರೆ ಗೊತ್ತಾ? ಬರುವುದೇ ಇಲ್ಲ. ಮೊದಲನೇ ವಾರ ಜ್ವರ. ಎರಡನೇ ವಾರ ನೆಂಟರ ಮನೆ. ಮೂರನೇ ವಾರ ಪಾಸ್‌ಪುಸ್ತಕ ಮೊಮ್ಮಗಳ ಕೈಲಿ ಕಳಿಸುತ್ತಾರೆ, ಒಳಗೆ ಇನ್ನೂರು ರೂಪಾಯಿ ಮಡಿಸಿಟ್ಟು. ಆ ಮಗು ಬಾಗಿಲಲ್ಲೇ ನಿಂತು "ಅಜ್ಜಿ ಇಷ್ಟೇ ಕೊಟ್ಟಿದ್ದು" ಅನ್ನುತ್ತದೆ. ಸೋತವನು ಫ್ಯಾಕ್ಟರಿಯಲ್ಲಿ ಇರುತ್ತಾನೆ. ಊರಲ್ಲಿ ತಲೆ ತಗ್ಗಿಸಿ ಓಡಾಡುವವಳು ತಾಯಿ.

ಅವನಿಗೆ ಅಷ್ಟು ನಂಬಿಕೆ ಇದ್ದರೆ ತನ್ನ ಸಂಬಳದ ಮೇಲೆ, ತನ್ನ ಹೆಸರಿನಲ್ಲಿ ಸಾಲ ತೆಗೆದುಕೊಳ್ಳಲಿ ನೋಡೋಣ. ಅಮ್ಮನ ಸಹಿ, ಅತ್ತಿಗೆ ಒಡವೆ, ಲಾಭ ಮಾತ್ರ ಅವನ ಫೋನಿನಲ್ಲಿ. ಇದು ಯಾವ ನ್ಯಾಯ?

ಕಬ್ಬಿನ ಬಿಲ್ಲು, ಮಳವಳ್ಳಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಆದರೆ ಸ್ವಂತ ಹೆಸರಲ್ಲಿ ತಗೊಳ್ಳಲಿ ಅಂತ ಸವಾಲು ಹಾಕಬೇಡಿ. ತಗೊಂಡೇಬಿಡುತ್ತಾರೆ! ಮನೆಯಲ್ಲಿ ಬೇಡ ಅಂದ ದಿನ ರಾತ್ರಿಯೇ ಲೋನ್ ಆ್ಯಪ್ ಇಳಿಸಿಕೊಂಡವರನ್ನು ನೋಡಿದ್ದೇನೆ. ಅಲ್ಲಿಂದ ಮುಂದೆ ಮೀಟರ್ ಬಡ್ಡಿ.

ನಿವೃತ್ತ ಕ್ಯಾಶಿಯರ್, ಕುವೆಂಪುನಗರ

ಇಡೀ ಜೀವಮಾನ ಒಡವೆ ಸಾಲದ ಕೌಂಟರ್‌ನಲ್ಲಿ ಕಳೆದವನು. ಎಲ್ಲರೂ ಕ್ರಿಪ್ಟೋ ಹಿಂದೆ ಬಿದ್ದಿದ್ದೀರಿ. ಆಕೆ ಕೇಳಿದ ನಿಜವಾದ ಪ್ರಶ್ನೆ ಬೇರೆ: ದುಡ್ಡು ಸುಮ್ನೆ ಕೂತಿದೆ, ಬಡ್ಡಿ ಓಡುತ್ತಿದೆ, ಏನು ಮಾಡುವುದು?

ಉತ್ತರ ಸುಲಭ. ವಾಪಸ್ ಕಟ್ಟಿ.

ತಮಾಷೆ ಅಲ್ಲ. ಒಡವೆ ಸಾಲವನ್ನು ಯಾವಾಗ ಬೇಕಾದರೂ ಪೂರ್ತಿಯೋ ಅರ್ಧವೋ ತೀರಿಸಬಹುದು. ಬ್ಯಾಂಕಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಅವಧಿಗೆ ಮೊದಲು ಕಟ್ಟಿದರೆ ದಂಡ ಇದೆಯಾ? ಮತ್ತೆ ಅಡ ಇಟ್ಟರೆ ಚಿನ್ನ ಪರೀಕ್ಷೆಗೆ ಎಷ್ಟು ತಗೊಳ್ಳುತ್ತೀರಿ? ಎರಡೂ ಸೇರಿದ ಖರ್ಚು ಎರಡು ತಿಂಗಳ ಬಡ್ಡಿಗಿಂತ ಕಡಿಮೆ ಇದ್ದರೆ ಕಟ್ಟಿಬಿಡಿ. ಒಡವೆ ಮನೆಗೆ ಬರುತ್ತದೆ. ಮೇಸ್ತ್ರಿ ಬಂದ ದಿನ ಮತ್ತೆ ಇಡಿ, ಸಾಮಾನ್ಯವಾಗಿ ಅವತ್ತೇ ದುಡ್ಡು ಸಿಗುತ್ತದೆ. ಮಲಗಿದ ದುಡ್ಡಿನ ಬಡ್ಡಿ ನಿಲ್ಲಿಸಲು ಇದಕ್ಕಿಂತ ಖಾತ್ರಿಯಾದ ದಾರಿ ಯಾವ ಆ್ಯಪ್‌ನಲ್ಲೂ ಇಲ್ಲ.

ಇನ್ನೊಂದು ಮಾತು. 2025ರಲ್ಲಿ 10 ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ್ದು ಎಲ್ಲರೂ ಕಂಡಿದ್ದೇ. ಅಡ ಇಟ್ಟದ್ದು ಬಿಡಿಸಲಾಗದೆ ಹರಾಜಿಗೆ ಹೋದರೆ ಸಾಲ ಮತ್ತು ಬಡ್ಡಿ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ, ನಿಜ. ಆದರೆ ಆ ಉಳಿಕೆಯಲ್ಲಿ ಅಶೋಕ ರಸ್ತೆಗೆ ಹೋಗಿ ಅದೇ ತೂಕದ ಸರ ತರಲು ಆಗುವುದಿಲ್ಲ. ಮೇಕಿಂಗ್, ವೇಸ್ಟೇಜ್, ಜಿಎಸ್‌ಟಿ ಎಲ್ಲ ಹೊಸದಾಗಿ ಕೊಡಬೇಕು. ಒಡವೆ ಆಸೆ ಅಂತ ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಮನೆಯಲ್ಲಿರುವ ಒಂದೇ ಒಂದು ಆಸ್ತಿಯ ಮೇಲೆ ಆಸೆ ಇರುವುದು ತಪ್ಪೇನಲ್ಲ.

ಗಂಜಾಂ ಹುಡುಗ, ಶ್ರೀರಂಗಪಟ್ಟಣ

ಅಕ್ಕ, ನಾನು ನಾಲ್ಕೈದು ವರ್ಷದಿಂದ ಕ್ರಿಪ್ಟೋ ಇಟ್ಟಿದ್ದೇನೆ, ಸ್ವಂತ ದುಡ್ಡು. ಒಂದು ವಿಷಯ ಕೇಳಬೇಕು. ಕೆಲವೇ ದಿನದಲ್ಲಿ 20 ಸಾವಿರ 34 ಆಗಿದೆ ಅಂದರೆ ಸುಮ್ನೆ ಕೊಂಡಿಟ್ಟು ಆಗುವುದು ಕಷ್ಟ. ಅವನ ಫೋನ್ ಸ್ಕ್ರೀನ್ ಮತ್ತೊಮ್ಮೆ ನೋಡಿ. ಕಾಯಿನ್ ಹೆಸರಿನ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಏನಾದರೂ ಇದೆಯಾ? ದುಡ್ಡು ಆ್ಯಪ್ ಒಳಗೆ ಹೇಗೆ ಹಾಕುತ್ತಾನೆ, ಅದನ್ನೂ ಕೇಳಿ.

ನಾಲೆ ಪಕ್ಕದ ಮನೆ, ಪಾಂಡವಪುರ

ರಾತ್ರಿ ಊಟಕ್ಕೆ ಕೂತಾಗ ತೋರಿಸಿದ. ಹೆಸರಿನ ಪಕ್ಕ ಹಸಿರು ಬಣ್ಣದಲ್ಲಿ "ಲಾಂಗ್" ಅಂತ, ಆಮೇಲೆ "ಕ್ರಾಸ್", ಆಮೇಲೆ "10ಎಕ್ಸ್" ಅಂತ ಇದೆ. ಕೆಳಗಡೆ ಕಿತ್ತಳೆ ಬಣ್ಣದಲ್ಲಿ ಒಂದು ಬೆಲೆ ಇತ್ತು. ಅದೇನು ಅಂದೆ, "ಅದು ಬಿಡಿ ಅತ್ತಿಗೆ, ಅಲ್ಲಿಗೆಲ್ಲ ಬರಲ್ಲ" ಅಂದ.

ದುಡ್ಡು ಹಾಕುವುದು ಆ್ಯಪ್‌ನಲ್ಲೇ ಯಾರೋ ಒಬ್ಬರು ಸಿಗುತ್ತಾರಂತೆ. ಅವರಿಗೆ ಯುಪಿಐ ಮಾಡಿದರೆ ಯುಎಸ್‌ಡಿಟಿ ಅಂತ ಡಾಲರ್ ಬೆಲೆಯ ಕ್ರಿಪ್ಟೋ ಕಳಿಸುತ್ತಾರಂತೆ. ಟೆಲಿಗ್ರಾಂ ಗುಂಪೊಂದಕ್ಕೆ ತಿಂಗಳಿಗೆ 1,500 ಕಟ್ಟುತ್ತಾನೆ, ಯಾವಾಗ ಕೊಳ್ಳಬೇಕು ಮಾರಬೇಕು ಅಂತ ಅವರೇ ಹೇಳುತ್ತಾರಂತೆ. 3 ಲಕ್ಷವನ್ನು ಅತ್ತೆ ಖಾತೆಯಿಂದಲೇ ನೇರ ಕಳಿಸೋಣ ಅಂತ ಅವನ ಲೆಕ್ಕ.

ಗಂಜಾಂ ಹುಡುಗ, ಶ್ರೀರಂಗಪಟ್ಟಣ

ನಾನು ಅಂದುಕೊಂಡಿದ್ದು ಇದೇ. ಅಕ್ಕ, ಇದು ಬಿಟ್‌ಕಾಯಿನ್ ಕೊಂಡು ಇಡುವುದು ಅಲ್ಲವೇ ಅಲ್ಲ. ಮೇಲೆ ನಡೆದ ಹೋಲ್ಡ್ ಮಾಡುವ ಮಾತೆಲ್ಲ ಇದಕ್ಕೆ ಅನ್ವಯಿಸುವುದೇ ಇಲ್ಲ.

ಲಾಂಗ್ ಅಂದರೆ ಬೆಲೆ ಏರುತ್ತದೆ ಅಂತ ಬಾಜಿ. 10ಎಕ್ಸ್ ಅಂದರೆ 3 ಲಕ್ಷ ಇಟ್ಟು 30 ಲಕ್ಷದ ಬಾಜಿ ಕಟ್ಟುವುದು. ಉಳಿದ 27 ಲಕ್ಷ ಎಕ್ಸ್‌ಚೇಂಜ್ ಕೊಟ್ಟ ಸಾಲ ಅಂತಲೇ ಇಟ್ಟುಕೊಳ್ಳಿ. ಸಾಲದ ಮೇಲೆ ಸಾಲ. ಬೆಲೆ ನೂರಕ್ಕೆ 10 ಏರಿದರೆ ನಿಮ್ಮ 3 ಲಕ್ಷ 6 ಆಗುತ್ತದೆ, ಅದಕ್ಕೇ 20 ಸಾವಿರ 34 ಆದದ್ದು. ನೂರಕ್ಕೆ 10 ಇಳಿದರೆ, ಅದಕ್ಕಿಂತ ಸ್ವಲ್ಪ ಮೊದಲೇ, ಎಕ್ಸ್‌ಚೇಂಜ್ ತನ್ನ ದುಡ್ಡು ಉಳಿಸಿಕೊಳ್ಳಲು ತಾನೇ ಮಾರಿಬಿಡುತ್ತದೆ. ಆ ಕಿತ್ತಳೆ ಬಣ್ಣದ ಬೆಲೆ ಅದೇ, ಲಿಕ್ವಿಡೇಶನ್ ಬೆಲೆ. ಅಲ್ಲಿ ಮುಟ್ಟಿ ಮರುಕ್ಷಣ ಬೆಲೆ ಏರಿದರೂ ನಿಮಗೆ ಏನೂ ಇಲ್ಲ, ಆಟದಿಂದಲೇ ಹೊರಗೆ. ಕ್ರಾಸ್ ಅಂದರೆ ಆ ಒಂದು ಬಾಜಿಗೆ ಇಟ್ಟದ್ದು ಮಾತ್ರ ಅಲ್ಲ, ಆ ವಾಲೆಟ್‌ನಲ್ಲಿ ಇರುವುದೆಲ್ಲ ಹೋಗಬಹುದು.

"ಅಲ್ಲಿಗೆಲ್ಲ ಬರಲ್ಲ" ಅಂದನಲ್ಲ, 2020ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ಎರಡು ದಿನದಲ್ಲಿ ಹೆಚ್ಚುಕಡಿಮೆ ಅರ್ಧ ಆಗಿತ್ತು. ತೀರಾ ಹಳೇ ಮಾತು ಅಂದರೆ 2025ರ ಅಕ್ಟೋಬರ್ 10 ತೆಗೆದುಕೊಳ್ಳಿ. ಅಮೆರಿಕದ ಅಧ್ಯಕ್ಷರು ಚೀನಾ ಮಾಲಿನ ಮೇಲೆ ಇನ್ನೂ ನೂರು ಪರ್ಸೆಂಟ್ ಸುಂಕ ಅಂದರು. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಬೆಳಗಾಗುವಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 19 ಬಿಲಿಯನ್ ಡಾಲರ್ ಬಾಜಿ ಹೀಗೆ ಲಿಕ್ವಿಡೇಟ್ ಆಗಿತ್ತು. ಬಿಟ್‌ಕಾಯಿನ್ ಬಿದ್ದದ್ದಕ್ಕಿಂತ ಸಣ್ಣ ಕಾಯಿನ್‌ಗಳು ಬಿದ್ದದ್ದು ಜಾಸ್ತಿ. ಈ ಮಾರುಕಟ್ಟೆಗೆ ಬಾಗಿಲು ಹಾಕುವ ಹೊತ್ತೇ ಇಲ್ಲ. ನೀವು ಹಾಲು ಕರೆಯಲು ಎದ್ದಾಗ ನಿಮ್ಮ ತಾರಸಿ ಹೋಗಿರಬಹುದು.

ಸಣ್ಣ ಕಾಯಿನ್ ವಾಪಸ್ ಬರುತ್ತದೆ ಅನ್ನುವುದೂ ಖಾತ್ರಿ ಇಲ್ಲ. 2022ರ ಮೇ ತಿಂಗಳಲ್ಲಿ ಲೂನಾ ಅನ್ನುವುದು 80 ಡಾಲರ್ ಆಸುಪಾಸಿನಿಂದ ಒಂದು ವಾರದಲ್ಲಿ ಸೊನ್ನೆಗೆ ಬಂತು. ಆಗ ಅದು ಜಗತ್ತಿನ ದೊಡ್ಡ ಹತ್ತು ಕಾಯಿನ್‌ಗಳಲ್ಲಿ ಒಂದಾಗಿತ್ತು.

ಈಗ ಅತ್ತೆಯ ಖಾತೆ. ಇದನ್ನು ದಯವಿಟ್ಟು ಮನೆಯಲ್ಲಿ ಓದಿ ಹೇಳಿ. ಯಾರೋ ಅಪರಿಚಿತನಿಗೆ ಯುಪಿಐ ಮಾಡಿ ಯುಎಸ್‌ಡಿಟಿ ತಗೊಳ್ಳುವುದು, ಆಮೇಲೆ ಇನ್ಯಾರಿಗೋ ಮಾರಿ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದು. ಆ ಇನ್ಯಾರೋ ಹಾಕಿದ್ದು ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡಾಗಿದ್ದರೆ, ಅಲ್ಲಿನ ಸೈಬರ್ ಪೊಲೀಸರು ದುಡ್ಡು ಹೋದ ದಾರಿ ಹಿಡಿದು ಬರುತ್ತಾರೆ, ಬ್ಯಾಂಕು ಖಾತೆ ಫ್ರೀಜ್ ಮಾಡುತ್ತದೆ. ಆಮೇಲೆ ಆ ಠಾಣೆಯ ಜೊತೆ ಪತ್ರ ವ್ಯವಹಾರ ನಡೆಸುವವರು ಯಾರು? ಅತ್ತೆಗೆ ಗೃಹಲಕ್ಷ್ಮಿ 2,000 ಬರುವುದು, ಡೇರಿ ಬಟವಾಡೆ ಬರುವುದು ಅದೇ ಖಾತೆಗಾ?

ನಾಲೆ ಪಕ್ಕದ ಮನೆ, ಪಾಂಡವಪುರ

ಎರಡೂ ಅದೇ ಖಾತೆ.

ರಾತ್ರಿ ಪಾಳಿ, ಮೈಸೂರು

ಗಂಜಾಂ ಗುರು, 10ಎಕ್ಸ್ ಕ್ರಾಸ್ ಅಂತ ಮೊದಲೇ ಗೊತ್ತಿದ್ದರೆ ನಾನು ಅರ್ಧ ಕೊಡಿ ಅಂತಲೂ ಹೇಳುತ್ತಿರಲಿಲ್ಲ. ನಾನು ಹೇಳಿದ್ದು ಸ್ಪಾಟ್‌ನಲ್ಲಿ, ಅಂದರೆ ಪೂರ್ತಿ ದುಡ್ಡು ಕೊಟ್ಟು ಕೊಂಡಿಡುವ ಮಾತು. ಅದರಲ್ಲಿ ನನಗೆ ಈಗಲೂ ನಂಬಿಕೆ ಇದೆ, ಸಂಬಳದಲ್ಲಿ ಉಳಿದದ್ದನ್ನು ಹಾಕುತ್ತೇನೆ, ಹಾಕುತ್ತಲೇ ಇರುತ್ತೇನೆ. ಮೇಷ್ಟ್ರು ಬೇಕಾದರೆ ಬೈಯಲಿ.

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ

ನಿನ್ನ ದುಡ್ಡು, ನಿನ್ನ ಇಷ್ಟ. ನನ್ನದೇನೂ ತಕರಾರಿಲ್ಲ. ಎಲ್ಲಿ ಇಟ್ಟಿದ್ದೀಯ ಅನ್ನುವುದರ ಮೇಲೆ ಕಣ್ಣಿರಲಿ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, ಎಕ್ಸ್‌ಚೇಂಜ್‌ಗೆ ಅಂಥದ್ದಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್ ಹ್ಯಾಕ್ ಆಗಿ 23 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು. ಗ್ರಾಹಕರ ಕ್ರಿಪ್ಟೋ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಬಿದ್ದಿತ್ತು. ಸ್ವಂತ ದುಡ್ಡಾದರೆ ಹೊಟ್ಟೆ ಉರಿದುಕೊಂಡು ಕಾಯಬಹುದು.

ಸಂಘದ ಅಕ್ಕ, ಮದ್ದೂರು

ಎಲ್ಲ ಸರಿ, ಆ ಹುಡುಗನಿಗೆ ಹೇಗೆ ಹೇಳುವುದು? ಅವನನ್ನು ಕಳ್ಳನ ಹಾಗೆ ಕೂರಿಸಿ ಕೇಳಬೇಡಿ. ಮನೆಗೆ ಟೈಲ್ಸ್ ಹಾಕಿಸಬೇಕು ಅಂತ ತಾನೇ ಹೊರಟಿದ್ದು.

ಗಂಜಾಂ ಹುಡುಗ, ಶ್ರೀರಂಗಪಟ್ಟಣ

ನನ್ನ ಸಲಹೆ: 34 ಸಾವಿರದಲ್ಲಿ ತಾನು ಹಾಕಿದ 20 ಸಾವಿರವನ್ನು ಈಗಲೇ ಬ್ಯಾಂಕಿಗೆ ತಂದು ತೋರಿಸು ಅನ್ನಿ, ಅವನದೇ ಖಾತೆಗೆ. ಪರದೆ ಮೇಲಿನ ನಂಬರ್ ನೋಟಾಗಿ ಬರುತ್ತದಾ ನೋಡೋಣ. "ಮೊದಲು ಟ್ಯಾಕ್ಸ್ ಕಟ್ಟಿದರೆ ಮಾತ್ರ ಬಿಡುತ್ತೇವೆ" ಅಂತ ಆ್ಯಪ್‌ನವರು ಇನ್ನೂ ದುಡ್ಡು ಕೇಳಿದರೆ ಅದು ನಕಲಿ. ಒಂದು ರೂಪಾಯಿಯೂ ಹಾಕದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಂದರೆ ಒಳ್ಳೆಯದೇ, ಅವನ ಅಸಲು ಉಳಿಯಿತು.

ನಾಲೆ ಪಕ್ಕದ ಮನೆ, ಪಾಂಡವಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಅತ್ತೆಗೆ ಲೂನಾ ಗೀನಾ ಏನೂ ತಲೆಗೆ ಹೋಗಲಿಲ್ಲ. ಖಾತೆ ಫ್ರೀಜ್ ಆದರೆ ಡೇರಿ ದುಡ್ಡೂ ನಿಲ್ಲುತ್ತದೆ ಅಂದ ಕೂಡಲೇ ಪಾಸ್‌ಪುಸ್ತಕ ತೆಗೆದುಕೊಂಡು ಹೋಗಿ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಬೀಗದ ಕೈ ನನಗೂ ಕೊಡಲಿಲ್ಲ!

ಕ್ಯಾಶಿಯರ್ ಸರ್ ಹೇಳಿದ ಹಾಗೆ ಬ್ಯಾಂಕಿಗೆ ನಮ್ಮನೆಯವರನ್ನೇ ಕಳಿಸಿದೆ. ಮೊದಲೇ ಕಟ್ಟಿದರೆ ದಂಡ ಇಲ್ಲವಂತೆ, ಮತ್ತೆ ಇಡುವಾಗ ಪರೀಕ್ಷೆಯ ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ಒಡವೆ ಸಾಲ ಪೂರ್ತಿ ಕಟ್ಟಿದೆವು. ಸಂಘದ ದುಡ್ಡಲ್ಲಿ ಎರಡು ತಿಂಗಳ ಕಂತಿನಷ್ಟು ತೆಗೆದಿಟ್ಟು, ಉಳಿದದ್ದಕ್ಕೆ ಕಂಬಿ ತರಿಸಿದೆವು. ಜಗಲಿ ಮೇಲೆ ಟಾರ್ಪಾಲ್ ಹೊದಿಸಿ ಹಾಕಿದ್ದೇವೆ.

ಮೈದುನ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. "ನಿಮ್ಮ ಫೋನಲ್ಲಿರೋ ಜನ ನನಗಿಂತ ಹೆಚ್ಚಾ" ಅಂದ. 20 ಸಾವಿರ ತೆಗೆದು ತೋರಿಸು ಅಂದಿದ್ದಕ್ಕೆ ತೆಗೆದ, ಬ್ಯಾಂಕಿಗೂ ಬಂತು. ಸದ್ಯ ಅವನ ಅಸಲಾದರೂ ಉಳಿಯಿತು. ಉಳಿದದ್ದು ಇನ್ನೂ ಆಡುತ್ತಿದ್ದಾನೆ, 10ಎಕ್ಸ್ ಇಳಿಸಿದ್ದೀನಿ ಅನ್ನುತ್ತಾನೆ. ನಂಬುವುದೋ ಬಿಡುವುದೋ ಗೊತ್ತಿಲ್ಲ.

ಕಬ್ಬಿನ ಬಿಲ್ಲು, ಮಳವಳ್ಳಿ

ಲೋನ್ ಆ್ಯಪ್ ಮೆಸೇಜ್ ಏನಾದರೂ ಬರುತ್ತಿದೆಯಾ ಅಂತ ಅವರ ಅಣ್ಣನಿಗೆ ಒಂದು ಕಣ್ಣಿಡಲು ಹೇಳಿ. ನೀವು ಕೇಳಬೇಡಿ, ನಿಮ್ಮ ಮೇಲೆ ಈಗ ಕೋಪ ಇದೆ.

ರಾತ್ರಿ ಪಾಳಿ, ಮೈಸೂರು

ಅಕ್ಕ, ಅವನಿಗೆ ಒಪ್ಪಿಗೆ ಇದ್ದರೆ ನನಗೆ ಮೆಸೇಜ್ ಮಾಡಲು ಹೇಳಿ. ಒಂದೇ ಏರಿಯಾ, ಟೀ ಕುಡಿಯುತ್ತಾ ಮಾತಾಡುತ್ತೇವೆ. ಮೇಷ್ಟ್ರ ಲೆಕ್ಕಕ್ಕಿಂತ ನನ್ನ ಮಾತು ಅವನಿಗೆ ಬೇಗ ಹಿಡಿಸಬಹುದು.

ಹೊಸ ಮನೆ, ನಾಗಮಂಗಲ

ವಿಷಯ ಬೇರೆ, ಕ್ಷಮಿಸಿ. ಕಂಬಿ ಯಾವ ಅಂಗಡಿಯಲ್ಲಿ ತಗೊಂಡ್ರಿ, ಮನೆತನಕ ತಂದು ಹಾಕಿದ್ರಾ? ನಮ್ಮದೂ ಯುಗಾದಿ ಆದ ಮೇಲೆ ತಾರಸಿ ಇದೆ, ನಮ್ಮ ಮೇಸ್ತ್ರಿಯೂ ಮೈಸೂರಲ್ಲೇ ಇದ್ದಾನೆ.